ದಂಟಿನೊಳಗಿನ ಗಾರೆ

ಮೆಕ್ಕೆಜೋಳದ ಒಕ್ಕಣೆ ಮುಗಿದ ಮೇಲೆ ಹರಪನಹಳ್ಳಿಯಿಂದ ಕೊಟ್ಟೂರು, ಕೂಡ್ಲಿಗಿ ಕಡೆಗೆ ಹೊರಟರೆ ಹೊಲದ ಬದಿಯಲ್ಲೆಲ್ಲ ಬೆಂಡಿನ ಗುಡ್ಡೆ. ಕಾಳು ಮಂಡಿ ಸೇರಿರುತ್ತದೆ. ಬೆಂಡು ಒಲೆಗೆ, ಸಪ್ಪೆ ಎಷ್ಟೋ ಕಡೆ ಬೆಂಕಿಗೆ. ಬಿಳಿಜೋಳದ ಕಣಿಕೆಯನ್ನು ಬಣವೆ ಒಟ್ಟಿ ಕಾಪಾಡುವ ರೈತ ಮೆಕ್ಕೆಜೋಳದ ಸಪ್ಪೆಗೆ ಆ ಮರ್ಯಾದೆ ಕೊಡುವುದಿಲ್ಲ. ದನ ಎಲೆ ಮೇಯ್ದು ದಪ್ಪ ದಂಟನ್ನು ಬಿಟ್ಟುಬಿಡುತ್ತದೆ.

ದಂಟಿಗೆ ಆ ಗಟ್ಟಿತನ ಕೊಟ್ಟದ್ದು ಲಿಗ್ನಿನ್. ಕಲ್ಲುಗಳ ನಡುವಿನ ಗಾರೆಯಂತೆ ಅದು ನಾರುಗಳನ್ನು ಬಿಗಿದು ಹಿಡಿದಿರುತ್ತದೆ. ನಾರು ಒಂದೇ ತರದ ಸಕ್ಕರೆ ಮಣಿಗಳ ಸರ. ಬಿಡಿಸಿ ಹುದುಗಿಸಿದರೆ ಎಥನಾಲ್. ಲಿಗ್ನಿನ್‌ನಲ್ಲಾದರೋ ಬೆಸುಗೆ ಒಂದೊಂದು ಕಡೆ ಒಂದೊಂದು ಬಗೆ. ಒಂದೇ ಕೀಲಿಗೆ ಅದು ತೆರೆಯುವುದಿಲ್ಲ.

ತೆರೆಯಲು ಬಲ್ಲದ್ದು ಶಿಲೀಂಧ್ರ. ಮಳೆಗಾಲ ಕಳೆದ ಮೇಲೆ ಬದುವಿನಲ್ಲಿ ಬಿದ್ದ ಹಳೇ ಕೊರಡನ್ನು ಉಗುರಿನಿಂದ ಕೆದಕಿ ನೋಡಿ. ಬಿಳಿ ಕೊಳೆ ಹಿಡಿದಿದ್ದರೆ ಕಟ್ಟಿಗೆ ತೊಯ್ದ ಹತ್ತಿಯ ಹಾಗೆ ಎಳೆಎಳೆಯಾಗಿ ಕೈಗೆ ಬರುತ್ತದೆ. ಕಂದು ಗಾರೆ ಹೋಗಿ ಬೆಳ್ಳನೆಯ ನಾರು ಉಳಿದಿರುತ್ತದೆ. 1983ರಲ್ಲಿ ಅಮೆರಿಕದ ಮ್ಯಾಡಿಸನ್‌ನಲ್ಲಿ ಮಿಂಗ್ ಟಿಯೆನ್ ಮತ್ತು ಕೆಂಟ್ ಕರ್ಕ್ ಇಂಥದೊಂದು ಶಿಲೀಂಧ್ರದಲ್ಲಿ ಆ ಕೆಲಸ ಮಾಡುವ ಕಿಣ್ವವನ್ನು ಗುರುತಿಸಿದರು. ಮೈಕೆಲ್ ಗೋಲ್ಡ್ ಅವರ ತಂಡವೂ ಅದೇ ವರ್ಷ ಅಲ್ಲಿಗೇ ತಲುಪಿತು. ಹೈಡ್ರೋಜನ್ ಪೆರಾಕ್ಸೈಡ್‌ನ ಬಲದಿಂದ ಈ ಕಿಣ್ವ ಲಿಗ್ನಿನ್‌ನಿಂದ ಒಂದೊಂದೇ ಎಲೆಕ್ಟ್ರಾನ್ ಕೀಳುತ್ತದೆ. ಮುಂದೆ ಬೆಸುಗೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಹಾಗೆ ಬಿದ್ದ ಚೂರುಗಳನ್ನು ತಿಂದು ಬದುಕುವ ಮಣ್ಣಿನ ಬ್ಯಾಕ್ಟೀರಿಯಾ ಸ್ಯೂಡೋಮೊನಾಸ್ ಪುಟಿಡಾ. 2014ರಲ್ಲಿ ಅಮೆರಿಕದ ಸಂಶೋಧಕರು ಅದರ ಮೂಲಕ ಮೆಕ್ಕೆಜೋಳದ ಸಪ್ಪೆಯ ಲಿಗ್ನಿನ್‌ನಿಂದಲೇ ಜೈವಿಕ ಪ್ಲಾಸ್ಟಿಕ್ ಪಡೆದು, ಅದನ್ನು ಇಂಧನವಾಗಬಲ್ಲ ಹೈಡ್ರೋಕಾರ್ಬನ್‌ಗೂ ತಿರುಗಿಸಿದರು. ಮರುವರ್ಷ ನೈಲಾನ್‌ಗೆ ಬೇಕಾದ ಅಡಿಪಿಕ್ ಆಮ್ಲದ ದಾರಿಯೂ ತೆರೆಯಿತು. ನಾವು ಸುಡುವ ಸಪ್ಪೆಯಲ್ಲಿ ಇಷ್ಟೆಲ್ಲ ಇದೆ!

ನಮ್ಮಲ್ಲಿ ಈ ವಿದ್ಯೆ ಕೊಟ್ಟಿಗೆಯ ಕಡೆಗೂ ತಿರುಗಿತು. ಬೆಂಗಳೂರಿನ ಆಡುಗೋಡಿಯಲ್ಲಿರುವ ಪಶು ಪೋಷಣೆಯ ರಾಷ್ಟ್ರೀಯ ಸಂಸ್ಥೆಯಲ್ಲಿ ಮನ್ಪಾಲ್ ಶ್ರೀಧರ್ ಅವರ ತಂಡ ಲೆಂಟಿನಸ್ ಎಂಬ ಅಣಬೆಯ ಕಿಣ್ವದಿಂದ ಬೆಳೆ ಉಳಿಕೆಯ ಲಿಗ್ನಿನ್ ಸಡಿಲಿಸಿ, ಅದು ಹೆಚ್ಚು ಜೀರ್ಣವಾಗುವುದನ್ನು ಪ್ರಯೋಗಾಲಯದಲ್ಲಿ ತೋರಿಸಿದೆ. ಮಳೆ ಕೈಕೊಟ್ಟ ವರ್ಷ ಮೇವಿಗೆ ಪರದಾಡುವ ಹಡಗಲಿ, ಹಗರಿಬೊಮ್ಮನಹಳ್ಳಿಗಳಿಗೆ ಇಂಧನಕ್ಕಿಂತ ಮೊದಲು ಬೇಕಾದದ್ದು ಇದೇ ಎಂದು ನನಗನ್ನಿಸುತ್ತದೆ.

ಇಂಧನದ ಮಾತೂ ದೂರದ್ದಲ್ಲ. ಹರಪನಹಳ್ಳಿಗೆ ಹೊಂದಿಕೊಂಡ ಹರಿಹರ ತಾಲ್ಲೂಕಿನ ಹನಗವಾಡಿಯಲ್ಲಿ ಬೆಳೆ ಉಳಿಕೆಯಿಂದ ದಿನಕ್ಕೆ 60 ಸಾವಿರ ಲೀಟರ್ ಎಥನಾಲ್ ತೆಗೆಯುವ ಘಟಕಕ್ಕೆ ಮಂಗಳೂರಿನ ತೈಲ ಕಂಪನಿ ಎಂಆರ್‌ಪಿಎಲ್ ಯೋಜನೆ ಹಾಕಿತ್ತು. ಇಂಥ ಘಟಕಗಳಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುವ ಲಿಗ್ನಿನ್ ಸಾಮಾನ್ಯವಾಗಿ ಬಾಯ್ಲರ್ ಸೇರಿ ಹಬೆ, ವಿದ್ಯುತ್ ಆಗುತ್ತದೆ. ಕೂಡ್ಲಿಗಿಯ ಒಲೆಯಲ್ಲಿ ಉರಿಯುವುದೇ ಅಲ್ಲಿಯೂ ಉರಿಯುತ್ತದೆ. ನಾಳೆ ಬೆಂಡು ಕೊಳ್ಳಲು ಯಾರೇ ಬಂದರೂ, ದರ ಮಾತಾಡುವಾಗ ರೈತರು ಎಥನಾಲ್‌ನ ಜೊತೆಗೆ ಈ ಗಾರೆಯ ಲೆಕ್ಕವನ್ನೂ ಕೇಳಬೇಕು.