ಕುಂಡದ ಗಿಡ ಮತ್ತು ಕೋಣೆಯ ಗಾಳಿ

ಮನೆಯೊಳಗೆ ನಾಲ್ಕು ಕುಂಡಗಳನ್ನಿಟ್ಟರೆ ಅಲ್ಲಿನ ಗಾಳಿ ಶುದ್ಧವಾಗುತ್ತದೆ ಎಂಬ ಮಾತು ಈಚೆಗೆ ನರ್ಸರಿಗಳ ಫಲಕಗಳಲ್ಲಿಯೂ ವಾಟ್ಸ್‌ಆ್ಯಪ್ ಸಂದೇಶಗಳಲ್ಲಿಯೂ ಎಡೆಬಿಡದೆ ಕಾಣುತ್ತದೆ. ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್, ಅರೆಕಾ ಪಾಮ್ ಎಂಬ ಹೆಸರುಗಳು ಅಲ್ಲಿ ಇದ್ದೇ ಇರುತ್ತವೆ. ಕೊನೆಗೆ ‘ನಾಸಾ ಹೇಳಿದೆ’ ಎಂಬ ಮುದ್ರೆಯೂ ಬೀಳುತ್ತದೆ. ನಾಸಾ ಹೇಳಿದ್ದು ಸುಳ್ಳಲ್ಲ. ಆದರೆ ಅದು ಯಾವ ಗಾಳಿಯನ್ನು ಕುರಿತು ಹೇಳಿತೆಂಬುದು ಸಂದೇಶದಿಂದ ಸಂದೇಶಕ್ಕೆ ದಾಟುವಾಗ ಕಳಚಿಹೋಗಿದೆ.

ಆ ಸಂಶೋಧನೆ 1989ರದು. ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿರುವ ನಾಸಾದ ಸ್ಟೆನಿಸ್ ಕೇಂದ್ರದಲ್ಲಿ ಬಿ. ಸಿ. ವೊಲ್ವರ್ಟನ್ ಮತ್ತು ಸಂಗಡಿಗರು ಅದನ್ನು ನಡೆಸಿದರು. ಬಾಹ್ಯಾಕಾಶದ ನೆಲೆಯಂತಹ ಸಂಪೂರ್ಣ ಮುಚ್ಚಿದ ತಾಣದಲ್ಲಿ ಗಾಳಿಯನ್ನು ಹೇಗೆ ತಿಳಿಗೊಳಿಸುವುದು ಎಂಬುದು ಅವರ ಚಿಂತೆಯಾಗಿತ್ತು. ಬಿಗಿಯಾಗಿ ಮುಚ್ಚಿದ ಪಾರದರ್ಶಕ ಪೆಟ್ಟಿಗೆಯಲ್ಲಿ ಒಂದು ಕುಂಡವನ್ನಿಟ್ಟು, ಬೆಂಜೀನ್, ಫಾರ್ಮಾಲ್ಡಿಹೈಡ್, ಟ್ರೈಕ್ಲೋರೋಎಥಿಲೀನ್ ಅನಿಲಗಳನ್ನು ಒಳಬಿಟ್ಟು, 24 ಗಂಟೆಗಳ ತರುವಾಯ ಅಳೆದಾಗ ಅವುಗಳ ಪ್ರಮಾಣ ತಗ್ಗಿತ್ತು. ಎಲೆಗಳನ್ನೆಲ್ಲ ತೆಗೆದ ಕುಂಡಗಳೂ ಅನಿಲವನ್ನು ತಗ್ಗಿಸಿದ್ದವು ಎಂಬುದು ಇಲ್ಲಿನ ಸ್ವಾರಸ್ಯ. ಅಂದರೆ ಬೇರಿನ ಸುತ್ತಣ ಮಣ್ಣು ಮತ್ತು ಅದರಲ್ಲಿನ ಸೂಕ್ಷ್ಮಜೀವಿಗಳ ಪಾಲೂ ಈ ಕೆಲಸದಲ್ಲಿ ದೊಡ್ಡದು. ಕುಂಡಕ್ಕೆ ಇದ್ದಿಲನ್ನು ತುಂಬಿ, ಸಣ್ಣ ಫ್ಯಾನಿನಿಂದ ಬೇರುಗಳತ್ತ ಗಾಳಿಯೆಳೆಯುವ ವ್ಯವಸ್ಥೆಯನ್ನೂ ಅವರು ಪರೀಕ್ಷಿಸಿದ್ದರು. ಇಂದಿನ ಫಲಕಗಳಲ್ಲಿ ಇದ್ದಿಲೂ ಇಲ್ಲ, ಫ್ಯಾನೂ ಇಲ್ಲ, ಗಿಡವೊಂದೇ ಉಳಿದಿದೆ.

ಪೆಟ್ಟಿಗೆಗೂ ಮನೆಗೂ ಇರುವ ಅಂತರವೇ ಇಲ್ಲಿ ಮುಖ್ಯ. ಪೆಟ್ಟಿಗೆಯ ಗಾಳಿ ಇದ್ದಲ್ಲಿಯೇ ಇರುತ್ತದೆ. ಮನೆಯ ಗಾಳಿ ಬಾಗಿಲಿನ ಸಂದು, ಕಿಟಕಿಯ ಸೀಳುಗಳಿಂದ ಸದಾ ಹೊರಹೋಗುತ್ತ ಒಳಬರುತ್ತ ಇರುತ್ತದೆ. ಈ ಬದಲಾವಣೆ ಒಳಗಿನ ಅನಿಲಗಳನ್ನು ಗಿಡಕ್ಕಿಂತ ಬಹು ಬೇಗ ಹೊರಗೊಯ್ಯುತ್ತದೆ. ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಕಮಿಂಗ್ಸ್ ಮತ್ತು ವೇರಿಂಗ್ ಎಂಬ ಸಂಶೋಧಕರು ಹಿಂದಿನ 12 ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಲೆಕ್ಕವನ್ನು ಮುಂದಿಟ್ಟರು. ಸಾಮಾನ್ಯ ಕಟ್ಟಡದಲ್ಲಿ ಗಾಳಿಯ ಸಂಚಾರ ತಾನಾಗಿಯೇ ಮಾಡುವಷ್ಟು ಕೆಲಸವನ್ನು ಗಿಡಗಳು ಮಾಡಬೇಕಾದರೆ, ಪ್ರತಿ ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡಗಳು ಬೇಕು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ವಸತಿನಿಲಯದ ಕೋಣೆಗೆ ಕಡಿಮೆಯೆಂದರೂ 93 ಕುಂಡಗಳಾದವು. ಮಂಚ ಎಲ್ಲಿ ಹಾಕುವುದೆಂಬುದು ಬೇರೆ ಪ್ರಶ್ನೆ.

ಸ್ನೇಕ್ ಪ್ಲಾಂಟ್ ರಾತ್ರಿಯೂ ಆಮ್ಲಜನಕ ಕೊಡುತ್ತದೆಂಬುದು ಇನ್ನೊಂದು ಜನಪ್ರಿಯ ಮಾತು. ಒಣನಾಡಿನ ಈ ಸಸ್ಯ ನೀರನ್ನು ಉಳಿಸಿಕೊಳ್ಳಲು ತನ್ನ ಪತ್ರರಂಧ್ರಗಳನ್ನು ರಾತ್ರಿ ತೆರೆದು ಇಂಗಾಲದ ಡೈ ಆಕ್ಸೈಡನ್ನು ಹೀರಿಟ್ಟುಕೊಳ್ಳುತ್ತದೆ, ನಿಜ. ಆದರೆ ಆಮ್ಲಜನಕ ಹುಟ್ಟಲು ಬೆಳಕೇ ಬೇಕು.

ನಮ್ಮ ಕಡೆಯ ಮನೆಗಳ ಒಳಗಾಳಿಯನ್ನು ಹೆಚ್ಚಾಗಿ ಕೆಡಿಸುವುದು ನಾಸಾ ಪರೀಕ್ಷಿಸಿದ ಅನಿಲಗಳಿಗಿಂತ ಹೊಗೆ: ಸೌದೆಯೊಲೆಯ ಹೊಗೆ, ಊದಬತ್ತಿಯ ಹೊಗೆ, ಸೊಳ್ಳೆಬತ್ತಿಯ ಹೊಗೆ. ಒಂದು ಸೊಳ್ಳೆಬತ್ತಿ ಉರಿದು ಮುಗಿಯುವಷ್ಟರಲ್ಲಿ 75ರಿಂದ 137 ಸಿಗರೇಟುಗಳಿಗೆ ಸಮನಾದ ಸೂಕ್ಷ್ಮ ಕಣಗಳನ್ನು ಉಗುಳುತ್ತದೆಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಈ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುವಂಥವು. ಉಬ್ಬಸವಿದ್ದವರಿಗೆ ಒಂದೇ ರಾತ್ರಿ ಸಾಕು. ಅವುಗಳೆದುರು ಮೂಲೆಯ ಕುಂಡ ಲೆಕ್ಕಕ್ಕಿಲ್ಲ. ಬಾಟಲಿಯ ನೀರಿನಲ್ಲಿ ಮನಿ ಪ್ಲಾಂಟ್ ಬಳ್ಳಿಯನ್ನಿಟ್ಟು, ಆ ನೀರನ್ನು ವಾರಗಟ್ಟಲೆ ಬದಲಿಸದೆ, ಅದರಲ್ಲಿಯೇ ಹುಟ್ಟಿದ ಸೊಳ್ಳೆಗಳಿಗಾಗಿ ಕಿಟಕಿ ಮುಚ್ಚಿ ಬತ್ತಿ ಹಚ್ಚುವ ಕೋಣೆಗಳೂ ಇವೆ! ಬಾಟಲಿಯ ನೀರನ್ನೂ ಕುಂಡದಡಿಯ ತಟ್ಟೆಯ ನೀರನ್ನೂ ವಾರಕ್ಕೊಮ್ಮೆ ಚೆಲ್ಲಿ ತೊಳೆಯಬೇಕು; ಕಿಟಕಿಗೆ ಜಾಳಿಗೆ ಹೊಡೆಸಿದರೆ ಬತ್ತಿಯ ಅಗತ್ಯವೂ ಕಡಿಮೆಯಾಗುತ್ತದೆ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಹಳೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ, ಮರಾಠಿಯಲ್ಲಿ ‘ಧಾಬ್ಯಾಚೆ ಘರ್’ ಎನ್ನುವವುಗಳಲ್ಲಿ, ಒಲೆಯ ನೆತ್ತಿಗೆ ಒಂದು ಬೆಳಕಿಂಡಿ ಇರುತ್ತಿತ್ತು. ಹೆಸರು ಬೆಳಕಿನದಾದರೂ ಅದರ ಅರ್ಧ ದುಡಿಮೆ ಹೊಗೆಗಾಗಿ. ಬಿಸಿಗಾಳಿ ಹಗುರಾಗಿ ಮೇಲೇರಿ ಅಲ್ಲಿಂದ ಹೊರಬಿದ್ದರೆ, ಬಾಗಿಲಿನಿಂದ ತಂಪುಗಾಳಿ ಒಳಬರುತ್ತಿತ್ತು. ಭಾಷೆಯೂ ಈ ಅರಿವನ್ನು ಕಾಪಿಟ್ಟಿದೆ. ಮರಾಠಿಯ ‘ಖಿಡಕಿ’ಯ ಬಂಧುವಾದ ‘ಕಿಟಕಿ’ಯಲ್ಲಿ ಗಾಳಿಯ ಸುಳಿವಿಲ್ಲ, ಆದರೆ ಸಂಸ್ಕೃತದ ‘ವಾತಾಯನ’ವೆಂದರೆ ಗಾಳಿಯ ದಾರಿ, ಅದರ ಹಳೆಯ ಅರ್ಥ ಕಿಟಕಿಯೆಂದೇ. ಕನ್ನಡದ ವಿಜ್ಞಾನ ಬರಹ ಆ ಪದವನ್ನು ಗಾಳಿಯ ಸಂಚಾರಕ್ಕೆ ಬಳಸಿಕೊಂಡಿತು. ಮರಾಠಿ ಅದನ್ನೇ ‘ವಾಯುವೀಜನ’ ಎಂದಿತು, ವೀಜನವೆಂದರೆ ಬೀಸುವಿಕೆ. ಒಂದು ಭಾಷೆ ದಾರಿಯನ್ನು ನೆನೆದರೆ ಮತ್ತೊಂದು ಬೀಸಣಿಗೆಯನ್ನು ನೆನೆಯಿತು.

ಸಿಮೆಂಟಿನ ಚಾವಣಿ ಬಂದ ಮೇಲೆ ಬೆಳಕಿಂಡಿ ಮುಚ್ಚಿಹೋಯಿತು. ಅದರ ಜಾಗದಲ್ಲಿ ಬಂದ ಎಕ್ಸಾಸ್ಟ್ ಫ್ಯಾನನ್ನು ಸದ್ದಿಗೆ ಬೇಸತ್ತು ಆರಿಸಿಬಿಡುವುದುಂಟು. ಒಲೆ ಹೊತ್ತಿಸುವ ಮುನ್ನವೇ ಅದನ್ನು ಹಾಕಿ, ಅಡುಗೆ ಮುಗಿದ ಮೇಲೂ ತುಸು ಹೊತ್ತು ತಿರುಗಲು ಬಿಡಬೇಕು. ಕೋಣೆಗೆ ಎದುರುಬದುರು ಎರಡು ತೆರಪುಗಳಿದ್ದರೆ ಎರಡನ್ನೂ ಒಟ್ಟಿಗೆ ತೆರೆಯಬೇಕು. ಗಿಡ ಇರಲಿ, ಹಸಿರು ಕಣ್ಣಿಗೆ ಹಿತವೇ. ಕಿಟಕಿಯ ಕಟ್ಟೆಯ ಮೇಲೆ ಇಡುವುದಾದರೆ, ಕದ ತೆರೆಯಲು ಅಡ್ಡವಾಗದಂತೆ ತುಸು ಪಕ್ಕಕ್ಕೆ ಇಡಬೇಕು.