ಮುಸುರೆ ತಿಕ್ಕಿದ ಕೈಗೆ ಪಿಂಚಣಿ ಎಲ್ಲಿ?

ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ನಿಲ್ಲುವ ಸೆಕ್ಯುರಿಟಿ ಗಾರ್ಡ್‌ಗೆ ಏಜೆನ್ಸಿಯವರು ಪಿಎಫ್ ಕಟ್ಟಬೇಕು. ಮೂರನೇ ಮಹಡಿಯ ಎಂಜಿನಿಯರ್‌ಗೆ ಕಂಪನಿ ಪಿಎಫ್ ಕಟ್ಟುತ್ತದೆ, ಐದು ವರ್ಷ ದುಡಿದು ಕೆಲಸ ಬಿಟ್ಟರೆ ಗ್ರಾಚ್ಯುಟಿಯನ್ನೂ ಕೊಡುತ್ತದೆ. ಅದೇ ಕಟ್ಟಡದ ಐದು ಮನೆಗಳಲ್ಲಿ ಕಸ ಗುಡಿಸಿ, ನೆಲ ಒರೆಸಿ, ಪಾತ್ರೆ ತೊಳೆದು ಮಧ್ಯಾಹ್ನ ಬಸ್ಸು ಹಿಡಿಯುವ ಹೆಂಗಸಿಗೆ ಎರಡೂ ಇಲ್ಲ. ಮಂಡಿ ಸವೆದು ಕೂತೇಳಲಾಗದ ದಿನ ಆಕೆಯ ಕೆಲಸ ನಿಲ್ಲುತ್ತದೆ. ಆದಾಯವೂ ಅಂದೇ ನಿಲ್ಲುತ್ತದೆ.

ಕಾರಣ ಇರುವುದು ಕಾನೂನು ತಲೆ ಎಣಿಸುವ ರೀತಿಯಲ್ಲಿ. 1952ರ ಭವಿಷ್ಯನಿಧಿ (ಪಿಎಫ್) ಕಾಯ್ದೆ ಅನ್ವಯಿಸಿದ್ದು 20 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ. 1972ರ ಗ್ರಾಚ್ಯುಟಿ ಕಾಯ್ದೆಗೆ 10 ಜನರಾದರೂ ಬೇಕಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇದೇ ಲೆಕ್ಕವನ್ನು ಉಳಿಸಿಕೊಂಡಿದೆ. ಮನೆಗೆಲಸದವರಿಗೆ ಮಾಲೀಕರು ಐದು ಮಂದಿ, ಪ್ರತಿ ಮಾಲೀಕರ ಬಳಿಯೂ ಇರುವ ಕೆಲಸಗಾರ್ತಿ ಒಬ್ಬಳೇ. ದಿನವಿಡೀ ದುಡಿದರೂ ಆಕೆ ಯಾವ ಪಟ್ಟಿಗೂ ಸೇರುವುದಿಲ್ಲ.

ಕಳೆದುಕೊಂಡದ್ದು ಎಷ್ಟು ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಒಂದು ಮನೆಯಲ್ಲಿ 20 ವರ್ಷ ದುಡಿದವರ ಕೊನೆಯ ಸಂಬಳ ತಿಂಗಳಿಗೆ 4,000 ರೂಪಾಯಿ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 15 ದಿನದ ಸಂಬಳ, ತಿಂಗಳಿಗೆ 26 ದಿನ ಎಂಬ ಗ್ರಾಚ್ಯುಟಿ ಸೂತ್ರದಂತೆ ಬರಬೇಕಾದದ್ದು 46,000 ರೂಪಾಯಿಗೂ ಮಿಗಿಲು. ಅದೂ ಒಂದೇ ಮನೆಯಿಂದ. ಬದಲಿಗೆ ಸಿಗುವುದು ಹಬ್ಬಕ್ಕೊಂದು ಸೀರೆ, ಕಷ್ಟಕ್ಕೊಂದಿಷ್ಟು ಅಡ್ವಾನ್ಸು. ಆ ಅಡ್ವಾನ್ಸೂ ಮುಂದಿನ ಸಂಬಳದಲ್ಲಿ ಮುರಿದುಹೋಗುತ್ತದೆ. ಸ್ವಂತ ಉಳಿತಾಯವೆಂದರೆ ಬೀದಿಯವರೆಲ್ಲ ಸೇರಿ ಹಾಕುವ ಚೀಟಿ. ಅದು ಮಗಳ ಮದುವೆಗೋ ಗಂಡನ ಆಸ್ಪತ್ರೆಗೋ ಕರಗಿದ ಮೇಲೆ ಮುಪ್ಪಿಗೆ ಉಳಿಯುವುದು ಏನೂ ಇಲ್ಲ.

ಮನೆಯೊಳಗಿನ ದುಡಿಮೆಗೆ ಪಿಎಫ್ ತರುವುದು ಆಗದ ಮಾತು ಎನ್ನುವವರು ದಕ್ಷಿಣ ಕನ್ನಡದ ಬೀಡಿ ಕಾರ್ಮಿಕರನ್ನು ನೋಡಬೇಕು. ತಮ್ಮದೇ ಮನೆಯ ಜಗಲಿಯಲ್ಲಿ ಕೂತು ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತುವ ಹೆಂಗಸರು ಅವರು. ಹೀಗೆ ಮನೆಯಲ್ಲೇ ಬೀಡಿ ಕಟ್ಟುವವರೂ ಭವಿಷ್ಯನಿಧಿಯ ವ್ಯಾಪ್ತಿಗೆ ಬರುತ್ತಾರೆಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿತು. ಪಿಎಫ್ ಜೊತೆಗಿನ ಪಿಂಚಣಿ ಯೋಜನೆಯ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ತೀರಾ ಕಡಿಮೆ, ನಿಜ. ಆದರೂ ಯಾರ ಮುಂದೆಯೂ ಕೈಚಾಚದೆ ಪಡೆಯುವ ಹಣ ಅದು. ಕಟ್ಟಡ ಕಾರ್ಮಿಕರಿಗೂ ನಿರ್ಮಾಣ ವೆಚ್ಚದ ಶೇ 1ರಷ್ಟು ಸೆಸ್‌ನಿಂದ ನಡೆಯುವ ಕಲ್ಯಾಣ ಮಂಡಳಿ ಇದೆ.

ಮನೆಗೆಲಸದವರಿಗೆಂದು ಸರ್ಕಾರ ಬೆರಳು ತೋರಿಸುವುದು 2019ರ ಪ್ರಧಾನಮಂತ್ರಿ ಶ್ರಮಯೋಗಿ ಮಾನ್‌ಧನ್ ಯೋಜನೆಯನ್ನು. ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಿದರೆ ಕೇಂದ್ರವೂ ಅಷ್ಟೇ ಸೇರಿಸುತ್ತದೆ, 60 ದಾಟಿದ ಮೇಲೆ ತಿಂಗಳಿಗೆ 3,000 ರೂಪಾಯಿ. ಇಲ್ಲಿ ನನ್ನ ತಕರಾರು ಎರಡು. ದುಡಿಸಿಕೊಂಡ ಮನೆಯವರ ಪಾಲು ಇದರಲ್ಲಿ ಒಂದು ಪೈಸೆಯೂ ಇಲ್ಲ. ಸೇರಲು ವಯಸ್ಸು 40 ದಾಟಿರಬಾರದು. ಮೈ ಸೋಲತೊಡಗುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ. ಅಂಥವರು 65 ಆಗುವವರೆಗೆ ಕಾದು ರಾಜ್ಯದ ವೃದ್ಧಾಪ್ಯ ಪಿಂಚಣಿಯಾದ ಸಂಧ್ಯಾ ಸುರಕ್ಷಾದ ತಿಂಗಳ 1,200 ರೂಪಾಯಿಗೆ ಅರ್ಜಿ ಹಾಕಬೇಕು.

2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿ ಮಾಡಿದ ರಾಜ್ಯ ನಮ್ಮದು. ಫುಡ್ ಡೆಲಿವರಿ ಹುಡುಗರ ಗಳಿಕೆಯ ಶೇ 1ರಿಂದ 5ರಷ್ಟನ್ನು ಕಂಪನಿಗಳಿಂದ ಕಲ್ಯಾಣ ಶುಲ್ಕವಾಗಿ ಪಡೆಯುವ ಗಿಗ್ ಕಾರ್ಮಿಕರ ಕಾಯ್ದೆಯನ್ನೂ 2025ರಲ್ಲಿ ತಂದೆವು. ಅದೇ ವರ್ಷ ಮನೆಗೆಲಸದವರಿಗಾಗಿ ಹೊರಬಂದ ಕರಡು ಮಸೂದೆಯಲ್ಲಿ ಪ್ರತ್ಯೇಕ ಮಂಡಳಿಯ, ಸಂಬಳದ ಶೇ 5 ಮೀರದಂತೆ ಮನೆ ಮಾಲೀಕರಿಂದ ಶುಲ್ಕದ ಪ್ರಸ್ತಾಪವಿದೆ. 4,000ಕ್ಕೆ ಗರಿಷ್ಠ 200 ರೂಪಾಯಿ. ಇದು ಹೊರೆಯೆಂದು ಗೊಣಗುವ ಮನೆಗಳಲ್ಲಿ ಎಷ್ಟೋ ಜನರಿಗೆ ಕಂಪನಿ ಸಂಬಳದ ಶೇ 12ರಷ್ಟು ಪಿಎಫ್ ಕಟ್ಟುತ್ತಿದೆ.

ಮನೆಮನೆಯಿಂದ ವಸೂಲಿ ಮಾಡುವುದು ಹೇಗೆ? ಬ್ರೆಜಿಲ್ ಇದಕ್ಕೊಂದು ದಾರಿ ಕಂಡುಕೊಂಡಿದೆ. 2013ರಲ್ಲಿ ಸಂವಿಧಾನವನ್ನೇ ತಿದ್ದಿ, 2015ರ ಕಾನೂನಿನಿಂದ ಪಿಂಚಣಿ ವಂತಿಗೆ, ಭವಿಷ್ಯನಿಧಿ, ಅಪಘಾತ ವಿಮೆ ಎಲ್ಲವನ್ನೂ ಒಂದೇ ಆನ್‌ಲೈನ್ ಚಲನ್‌ಗೆ ತಂದರು. ವಾರಕ್ಕೆ ಎರಡೇ ದಿನ ಬರುವವರು ಅಲ್ಲೂ ಈ ಕಾನೂನಿನ ಹೊರಗೆ ಉಳಿದರು. ಐದು ಮನೆಗೆ ಹೋಗುವವರೇ ತುಂಬಿರುವ ನಮ್ಮಲ್ಲಿ ಆ ತಪ್ಪು ಮರುಕಳಿಸಬಾರದು. ಖಾತೆ ಇರಬೇಕಾದದ್ದು ಕೆಲಸಗಾರ್ತಿಯ ಹೆಸರಿನಲ್ಲಿ. ಯಾವ ಮನೆಯಿಂದ ಎಷ್ಟೇ ಬರಲಿ, ಅಲ್ಲಿಗೇ ಸೇರಬೇಕು. ಈಗಾಗಲೇ 50 ದಾಟಿದವರಿಗೆ ವಂತಿಗೆ ಕೂಡಿ ಬೆಳೆಯುವಷ್ಟು ಕಾಲವಿಲ್ಲ. ಅವರ ಪಿಂಚಣಿಗೆ ಮಂಡಳಿಯ ಮೊದಲ ವರ್ಷದಿಂದಲೇ ಸರ್ಕಾರ ಹಣ ಇಡಬೇಕು.

ಮಸೂದೆಗಾಗಿ ಕಾಯದೆ ಮಾಡಬಹುದಾದ್ದೂ ಇದೆ. ಮನೆಗೆ ಬರುವವರಿಗೆ 29 ವರ್ಷವಾಗಿದ್ದರೆ ಮಾನ್‌ಧನ್ ಕಂತು 100 ರೂಪಾಯಿ, 40 ಆಗಿದ್ದರೆ 200. ಅದನ್ನು ಸಂಬಳದಲ್ಲಿ ಹಿಡಿಯದೆ ಮನೆಯವರೇ ಕಟ್ಟಿಕೊಡಲಿ. ಅದಕ್ಕಿಂತ ಹಿರಿಯರಾದರೆ ಅವರ ಹೆಸರಿನಲ್ಲೇ ಅಂಚೆ ಕಚೇರಿಯಲ್ಲೊಂದು ಆರ್‌ಡಿ ತೆರೆದು, ವರ್ಷಕ್ಕೆ 15 ದಿನದ ಸಂಬಳವನ್ನಾದರೂ ತಿಂಗಳು ತಿಂಗಳು ತುಂಬಿ, ಪಾಸ್‌ಬುಕ್ಕನ್ನು ಅವರ ಕೈಗೇ ಕೊಡಲಿ.