ಮಲ್ಪೆ ದಕ್ಕೆಯ ಮೂರು ಬಣ್ಣದ ಬೆಕ್ಕು

ಬೆಳಕು ಹರಿಯುವ ಮೊದಲೇ ಮಲ್ಪೆಯ ದಕ್ಕೆಗೆ ಬೋಟುಗಳು ಒಂದರ ಮಗ್ಗುಲಿಗೊಂದು ಬಂದು ನಿಲ್ಲುತ್ತವೆ. ಬೂತಾಯಿ, ಬಂಗುಡೆ ತುಂಬಿದ ಬುಟ್ಟಿಗಳು ಕೈಯಿಂದ ಕೈಗೆ ದಾಟಿ ಮೇಲೇರುತ್ತವೆ. ಐಸ್ ಒಡೆಯುವ ಸದ್ದು, ಹರಾಜು ಕೂಗುವವರ ಏರುದನಿ, ಸಿಮೆಂಟಿನ ನೆಲದ ಮೇಲೆ ಮೀನಿನ ಪರೆ ಬೆರೆತು ಹರಿಯುವ ನೀರು. ಜನರ ಕಣ್ಣೆಲ್ಲ ಬುಟ್ಟಿಯ ಮೇಲಿರುವಾಗ ಮೊಣಕಾಲಿನಿಂದ ಕೆಳಗಿನ ಲೋಕ ಬೆಕ್ಕುಗಳದು. ಬಲೆಯ ರಾಶಿಯ ಮೇಲೆ ಅಗಲ ಕೆನ್ನೆಯ ಕೇಸರಿ ಗಂಡು. ಕೈಗಾಡಿಯ ಗಾಲಿಯ ಹಿಂದೆ ಕಿವಿ ಹರಿದ ಇನ್ನೊಂದು ಗಂಡು, ಬೂದುಕಂದು ಮೈಯ ಮೇಲೆ ಸಾಲು ಸಾಲು ಕರಿ ಪಟ್ಟೆ. ಐಸ್ ಪೆಟ್ಟಿಗೆಯ ನೆರಳಿನಲ್ಲಿ ಅಪ್ಪಟ ಕರಿಯದೊಂದು. ಮೆಟ್ಟುಕತ್ತಿಯ ಮುಂದೆ ಕುಳಿತು ಮೀನು ಸೀಳುವ ಅಕ್ಕನ ಪಕ್ಕದಲ್ಲೇ, ತನ್ನ ಪಾಲು ಬಂದೇ ಬರುತ್ತದೆಂಬ ನಂಬಿಕೆಯಲ್ಲಿ ಕಾಲು ಮಡಚಿ ಕುಳಿತದ್ದು ಮೂರು ಬಣ್ಣದ ಹೆಣ್ಣು: ಎದೆ, ಹೊಟ್ಟೆ, ಪಾದ ಬಿಳಿ, ಬೆನ್ನಿನ ಮೇಲೆ ಕರಿಯ, ಕೇಸರಿಯ ದೊಡ್ಡ ದೊಡ್ಡ ಮಚ್ಚೆ.

ಅಣ್ಣನ ಮಗಳಿಗೆ ಹತ್ತು ವರ್ಷ. ಅವಳು ಈ ಬೇಸಿಗೆಯಲ್ಲಿ ಒಂದು ಹೊಸ ಬೆಕ್ಕಿನ ತಳಿಯನ್ನೇ ಸೃಷ್ಟಿಸುತ್ತಿದ್ದಾಳೆ. ಅದರ ಹೆಸರು ಕಡಲಬೆಕ್ಕು. ಚಿತ್ರದ ಪುಸ್ತಕದಲ್ಲಿ ಅದಕ್ಕೆ ನಿಯಮಗಳಿವೆ. ಎಲ್ಲ ಕಡಲಬೆಕ್ಕಿಗೂ ಮೂರು ಬಣ್ಣ. ಎಲ್ಲದರ ಎಡಗಣ್ಣಿನ ಸುತ್ತ ಕರಿ ಮಚ್ಚೆ. ಪಾದ ಬಿಳಿ. ಬಾಲಕ್ಕೆ ಪಟ್ಟೆ. ಮಾದರಿ ಹುಡುಕಲೆಂದೇ ನನ್ನ ಕೈ ಹಿಡಿದುಕೊಂಡು ದಕ್ಕೆಗೆ ಬಂದವಳು ಗಂಡು ಕಡಲಬೆಕ್ಕಿಗೆ ಬಣ್ಣ ತುಂಬುತ್ತಿದ್ದಾಗ ಆ ಅಕ್ಕ ಇಣುಕಿ ನೋಡಿ ಕತ್ತಿಯಿಂದ ಕೈ ತೆಗೆಯದೆಯೇ ಹೇಳಿದರು: “ಮೂರು ಬಣ್ಣದ್ದು ಹೆಣ್ಣೇ ಮಗಾ. ಗಂಡು ನಾನಂತೂ ಕಂಡದ್ದಿಲ್ಲ.”

“ಯಾಕೆ ಅತ್ತೆ?” ಎಂದು ಅವಳು ನನ್ನ ಕಡೆ ತಿರುಗಿದಳು.

ಕೇಸರಿ ಬಣ್ಣವನ್ನು ನಿರ್ಧರಿಸುವ ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನ ಮೇಲೆ. ಗಂಡಿಗೆ ಎಕ್ಸ್ ಒಂದೇ. ಅದರಲ್ಲಿ ಕೇಸರಿ ಇದ್ದರೆ ಬಲೆಯ ಮೇಲೆ ಮಲಗಿರುವವನ ಹಾಗೆ ಮೈಯೆಲ್ಲ ಕೇಸರಿ, ಇಲ್ಲದಿದ್ದರೆ ಕೇಸರಿಯ ಸುಳಿವೇ ಇಲ್ಲ. ಹೆಣ್ಣಿಗೆ ಎಕ್ಸ್ ಎರಡು, ಅಮ್ಮನಿಂದ ಒಂದು, ಅಪ್ಪನಿಂದ ಒಂದು. ಒಂದರಲ್ಲಿ ಕೇಸರಿ, ಇನ್ನೊಂದರಲ್ಲಿ ಕಪ್ಪು ಬಂದಾಗ ಎರಡೂ ಬಣ್ಣ ಒಂದೇ ಮೈಯಲ್ಲಿ ನೆಲೆಸುತ್ತವೆ. ಅಪರೂಪಕ್ಕೆ ಮೂರು ಬಣ್ಣದ ಗಂಡೂ ಹುಟ್ಟುತ್ತದೆ. ಅದು ಸಾಮಾನ್ಯವಾಗಿ ಎರಡು ಎಕ್ಸ್, ಒಂದು ವೈ ಹೊತ್ತು ಬಂದದ್ದು, ಮತ್ತು ಹೆಚ್ಚುಕಡಿಮೆ ಯಾವಾಗಲೂ ಸಂತಾನಹೀನ.

ಎರಡೂ ಬಣ್ಣ ಬೆರೆತು ಒಂದು ನಡುವಿನ ಬಣ್ಣ ಯಾಕಾಗಲಿಲ್ಲ ಎಂಬುದು ಇದಕ್ಕಿಂತ ಸುಂದರವಾದ ಪ್ರಶ್ನೆ. ಇಂಗ್ಲೆಂಡಿನ ಮೇರಿ ಲಯನ್ 1961ರಲ್ಲಿ ಇಲಿಗಳ ರೋಮವನ್ನು ನೋಡುತ್ತ ಇದಕ್ಕೆ ಉತ್ತರ ಕೊಟ್ಟರು. ಹೆಣ್ಣುಭ್ರೂಣ ಇನ್ನೂ ಪುಟ್ಟದಾಗಿರುವಾಗಲೇ ಅದರ ಪ್ರತಿಯೊಂದು ಜೀವಕೋಶವೂ ತನ್ನ ಎರಡು ಎಕ್ಸ್‌ಗಳಲ್ಲಿ ಒಂದನ್ನು ಮುಚ್ಚಿಬಿಡುತ್ತದೆ. ಯಾವುದನ್ನು ಮುಚ್ಚಬೇಕೆಂಬುದಕ್ಕೆ ಕಟ್ಟಳೆಯಿಲ್ಲ. ಆದರೆ ಒಮ್ಮೆ ಮುಚ್ಚಿದ ಮೇಲೆ ಆ ಕೋಶದ ಮಕ್ಕಳು ಮೊಮ್ಮಕ್ಕಳೆಲ್ಲ ಅದೇ ತೀರ್ಮಾನಕ್ಕೆ ಬದ್ಧ. ಈ ಬೆಕ್ಕಿನ ಬಲಭುಜದ ಕೇಸರಿ ಮಚ್ಚೆ, ತಾಯಿಯ ಹೊಟ್ಟೆಯೊಳಗೆ ಯಾವುದೋ ಒಂದು ಕೋಶ ಹಾಗೊಮ್ಮೆ ತೀರ್ಮಾನಿಸಿದ್ದರ ದಾಖಲೆ. ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿ ನಡೆದದ್ದು ಈಗ ಅಂಗೈಯಗಲ ಹರಡಿ ಬಿಸಿಲು ಕಾಯಿಸುತ್ತಿದೆ.

ಕೇಸರಿ ಎಕ್ಸ್‌ನ ಮೇಲಿದೆ ಎಂಬುದು ಒಂದು ಶತಮಾನದಿಂದ ತಿಳಿದದ್ದೇ, ಎಲ್ಲಿದೆ ಎಂಬುದು ಮಾತ್ರ ಸಿಕ್ಕಿರಲಿಲ್ಲ. 2025ರಲ್ಲಿ ಜಪಾನಿನ ಕ್ಯೂಶೂ ವಿಶ್ವವಿದ್ಯಾಲಯದ ತಂಡವೂ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ತಂಡವೂ ಬೇರೆಬೇರೆಯಾಗಿ ಹುಡುಕಿ ಒಂದೇ ಜಾಗಕ್ಕೆ ಬಂದು ನಿಂತವು. ಕೇಸರಿ ಬೆಕ್ಕಿನ ಡಿಎನ್‌ಎಯಲ್ಲಿ ಸುಮಾರು 5,000 ಅಕ್ಷರಗಳ ಒಂದು ತುಣುಕು ಇಲ್ಲ. ಅದು ಇಲ್ಲವಾದ್ದರಿಂದ ಪಕ್ಕದ ಒಂದು ವಂಶವಾಹಿ, ಬಣ್ಣದ ಕೋಶಗಳಲ್ಲಿ ಸುಮ್ಮನಿರಬೇಕಾದದ್ದು, ಎಚ್ಚತ್ತುಕೊಳ್ಳುತ್ತದೆ. ಕೋಶ ಕಪ್ಪು ಮೆಲನಿನ್ ಬಿಟ್ಟು ಕೆಂಪು ಮೆಲನಿನ್ ತಯಾರಿಸತೊಡಗುತ್ತದೆ. ಬಲೆಯ ಮೇಲಿನ ಆ ಭಾರಿ ಗಂಡಿನ ಚಿನ್ನದಂಥ ಹೊಳಪೆಲ್ಲ ಏನೋ ಕಳೆದುಹೋದದ್ದರ ಫಲ.

ಬಿಳಿಯ ಕತೆ ಬೇರೆ. ಬಿಳಿ ಎಂಬುದು ಬಣ್ಣವೇ ಅಲ್ಲ, ಬಣ್ಣದ ಕೋಶ ತಲುಪದ ಜಾಗ. ಭ್ರೂಣದ ಬೆನ್ನುಹುರಿಯ ಉದ್ದಕ್ಕೂ ಹುಟ್ಟುವ ಈ ಕೋಶಗಳು ಹೆಚ್ಚುತ್ತ, ಹರಡುತ್ತ ಪಕ್ಕೆಗಳಿಂದಿಳಿದು ಹೊಟ್ಟೆಯ ಕಡೆಗೆ, ಪಾದಗಳ ಕಡೆಗೆ ಸಾಗಬೇಕು. ಅವು ಸಾಕಷ್ಟು ಇಲ್ಲದಿದ್ದರೆ ಕಾಲುವೆಯ ಕೊನೆಯ ಗದ್ದೆಗೆ ನೀರು ಮುಟ್ಟದ ಹಾಗೆ ದೂರದ ಜಾಗಗಳು ಬರಿದಾಗಿ ಉಳಿಯುತ್ತವೆ. ಅದಕ್ಕೇ ಬೀದಿಬೆಕ್ಕಿಗೆ ಎದೆ, ಹೊಟ್ಟೆ, ಪಾದ ಬಿಳಿಯಿರುವುದು ಇಷ್ಟು ಸಾಮಾನ್ಯ. ಬೆನ್ನು ಮಾತ್ರ ಬಿಳಿಯಾಗಿ ಹೊಟ್ಟೆ ಕರಿಯಾದ ಬೆಕ್ಕನ್ನು ಯಾರೂ ಕಾಣರು. ಇದರ ಹಿಂದಿರುವುದು ಕಿಟ್ ಎಂಬ ವಂಶವಾಹಿ. ಯಾವುದೋ ಕಾಲದಲ್ಲಿ ಬೆಕ್ಕಿನ ಪೂರ್ವಜರ ಮೈಸೇರಿ ಅಲ್ಲೇ ಉಳಿದುಬಿಟ್ಟ ಒಂದು ವೈರಸ್ಸಿನ ಅವಶೇಷ ಈ ವಂಶವಾಹಿಯ ಮಧ್ಯೆ ಬಂದು ಕುಳಿತಿದೆ ಎಂದು 2014ರಲ್ಲಿ ತಿಳಿಯಿತು. ನೆಲ ನೆಕ್ಕುತ್ತಿರುವ ಬೆಕ್ಕಿನ ಈ ಬಿಳಿ ಪಾದಗಳನ್ನು ನೋಡುವಾಗ ನನಗೆ ಆ ಪುರಾತನ ಸೋಂಕು ನೆನಪಾಗಿ ಮೈ ಜುಮ್ಮೆನ್ನುತ್ತದೆ.

ಬಿಳಿ ಇದ್ದಲ್ಲಿ ಉಳಿದ ಮಚ್ಚೆಗಳು ದೊಡ್ಡದಾಗುವುದೂ ಇದರಿಂದಲೇ. ಬಿಳಿಯಿಲ್ಲದ ಹೆಣ್ಣಿನಲ್ಲಿ ಕರಿ, ಕೇಸರಿ ಎಳೆ ಎಳೆಯಾಗಿ ಕಲೆತುಹೋಗಿರುತ್ತವೆ. ಹೊರಟ ಕೋಶಗಳೇ ಕಡಿಮೆಯಾದಾಗ ಒಂದೊಂದೂ ಹೆಚ್ಚು ಜಾಗ ಹಿಡಿಯುತ್ತದೆ, ಗಡಿಗಳು ಸ್ಪಷ್ಟವಾಗುತ್ತವೆ.

ಪಟ್ಟೆ ಇವೆಲ್ಲಕ್ಕಿಂತ ಮೊದಲಿನದು. 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದಂತೆ, ರೋಮದ ಬುಡಗಳಾಗಲಿ ಬಣ್ಣವಾಗಲಿ ಇನ್ನೂ ಬಾರದ ಭ್ರೂಣದ ಚರ್ಮದಲ್ಲೇ ದಪ್ಪ ಗೆರೆ, ತೆಳು ಗೆರೆಗಳ ನಕ್ಷೆ ಬಿದ್ದಿರುತ್ತದೆ. ಬಣ್ಣ ಆಮೇಲೆ ಬಂದು ಆ ನಕ್ಷೆಯನ್ನು ತುಂಬುತ್ತದೆ, ಅಷ್ಟೆ. ಕರಿಬೆಕ್ಕಿಗೂ ಪಟ್ಟೆ ಉಂಟು. ಪಟ್ಟೆಗಳ ನಡುವಿನ ರೋಮಕ್ಕೆ ತಿಳಿಬಣ್ಣ ಕೊಡುವ ವಂಶವಾಹಿ ಅದರಲ್ಲಿ ಕೆಟ್ಟಿರುವುದರಿಂದ ಎಲ್ಲ ಕಪ್ಪಿನಲ್ಲಿ ಮುಳುಗಿದೆ. ಐಸ್ ಪೆಟ್ಟಿಗೆಯ ನೆರಳಿನದು ಎದ್ದು ಬಿಸಿಲಿಗೆ ಬಂದಾಗ ಹುಡುಗಿ ಕೂಗಿಕೊಂಡಳು. ಅದರ ಪಕ್ಕೆಯಲ್ಲಿ ಕಂದುಛಾಯೆಯ ಸಾಲುಗಳು ನೀರಿನೊಳಗಿಂದೆಂಬಂತೆ ಕಂಡು ಮರೆಯಾದವು. ಕೇಸರಿ ಬೆಕ್ಕಿನಲ್ಲಿ ಮಾತ್ರ ಹೀಗೆ ಮುಚ್ಚಿಡುವುದು ಸಾಧ್ಯವಿಲ್ಲ, ಅಲ್ಲಿ ಪಟ್ಟೆ ಯಾವಾಗಲೂ ಬಯಲು.

ಹಡಗುಗಳಿಗೂ ಬೆಕ್ಕಿನ ಬಣ್ಣಕ್ಕೂ ನಂಟಿದೆ ಎಂದು ನೀಲ್ ಟಾಡ್ ಎಂಬ ವಿಜ್ಞಾನಿ 1977ರಲ್ಲಿ ಬರೆದಿದ್ದರು. ಊರೂರಿನ ಬೆಕ್ಕುಗಳಲ್ಲಿ ಯಾವ ಬಣ್ಣ ಎಷ್ಟಿದೆ ಎಂದು ಲೆಕ್ಕ ಹಾಕಿದರೆ ಹಳೆಯ ವ್ಯಾಪಾರದ ದಾರಿಗಳ ಗುರುತು ಸಿಗುತ್ತದೆ ಎಂಬುದು ಅವರ ವಾದ. ಇಲಿ ಹಿಡಿಯಲೆಂದು ಹಡಗಿಗೇರಿದ ಬೆಕ್ಕು ಮುಂದಿನ ಬಂದರಿನಲ್ಲಿ ಇಳಿದುಹೋಗುತ್ತಿತ್ತು. ದಕ್ಕೆಯ ಈ ಬೆಕ್ಕುಗಳಲ್ಲಿ ಯಾವ ಕಡಲಿನಾಚೆಯ ರಕ್ತವಿದೆಯೋ ಎಂದು ಯೋಚಿಸುವುದು ನನಗೆ ಇಷ್ಟ.

ಹುಡುಗಿಗೆ ಇನ್ನೂ ಬಿಡಲಾಗದ ನಿಯಮವೊಂದಿತ್ತು, ಎಡಗಣ್ಣಿನ ಕರಿ ಮಚ್ಚೆ. ಅದಕ್ಕೆ ನಾನು ಸೀಸಿಯ ಕತೆ ಹೇಳಿದೆ. ಅಮೆರಿಕದ ಟೆಕ್ಸಸ್‌ನಲ್ಲಿ 2001ರ ಡಿಸೆಂಬರ್ 22ರಂದು ಹುಟ್ಟಿದ, ಜಗತ್ತಿನ ಮೊದಲ ತದ್ರೂಪಿ ಬೆಕ್ಕು ಅದು. ರೇನ್‌ಬೋ ಎಂಬ ಮೂರು ಬಣ್ಣದ ಹೆಣ್ಣಿನ ಒಂದು ಕೋಶದಿಂದ ಅದನ್ನು ಪಡೆದಿದ್ದರು. ವಂಶವಾಹಿಗಳಲ್ಲಿ ಇಬ್ಬರೂ ಒಂದೇ. ಆದರೆ ಸೀಸಿಯ ಮೈಮೇಲೆ ಇದ್ದದ್ದು ಬಿಳಿ ಮತ್ತು ಪಟ್ಟೆಯ ಬೂದುಕಂದು ಮಾತ್ರ. ಕೇಸರಿ ಇರಲೇ ಇಲ್ಲ. ಆ ಒಂದು ಕೋಶದಲ್ಲಿ ಕೇಸರಿಯ ಎಕ್ಸ್ ಮುಚ್ಚಿಹೋಗಿತ್ತು, ಹೊಸ ಭ್ರೂಣದಲ್ಲೂ ಅದು ತೆರೆಯಲಿಲ್ಲ. ತಳಿಯೊಂದಕ್ಕೆ ಬಿಳಿ ಪಾದ ಬೇಕು, ಪಟ್ಟೆ ಬೇಕು, ಉದ್ದ ರೋಮ ಬೇಕು ಎಂದು ಆರಿಸಿಕೊಂಡು ಬೆಳೆಸಬಹುದು. ಮಚ್ಚೆ ಯಾವ ಕಣ್ಣಿನ ಮೇಲೆ ಬೀಳಬೇಕೆಂದು ಹೇಳಲು ತಳಿ ಬೆಳೆಸುವವರಿಗೂ ಆಗದು, ಪ್ರಯೋಗಾಲಯಕ್ಕೂ ಆಗದು. ಇದನ್ನು ಕೇಳಿ ಅವಳ ಮುಖ ಬಾಡಲಿಲ್ಲ. ರಬ್ಬರ್ ತೆಗೆದುಕೊಂಡು ಎಲ್ಲ ಚಿತ್ರಗಳ ಕಣ್ಣಿನ ಮಚ್ಚೆ ಅಳಿಸಿ, ಒಂದೊಂದಕ್ಕೆ ಒಂದೊಂದು ಕಡೆ ಹೊಸದಾಗಿ ಬರೆಯತೊಡಗಿದಳು.

ಹರಾಜು ಮುಗಿದು ಜನ ಕರಗಿದ ಮೇಲೆ ಆ ಅಕ್ಕ ನಮ್ಮನ್ನು ಕರೆದು, ಮಗುಚಿಟ್ಟ ಹಳೆಯ ದೋಣಿಯ ಅಡಿ ತೋರಿಸಿದರು. ಮೂರು ಬಣ್ಣದ ಪುಚ್ಚೆಯ ಮರಿಗಳು, ಮೂರು. ಒಂದು ಕೇಸರಿ, ಒಂದು ಬೂದು ಪಟ್ಟೆಯದು, ಒಂದು ಕರಿ. “ಅಪ್ಪ ಆ ಬಲೆಯ ಮೇಲೆ ಮಲಗಿದ ಕೆಂಚನೇ. ಮತ್ತೆ ಯಾರು?” ಎಂದರು. ಮರಿಗಳನ್ನು ಒಂದೊಂದಾಗಿ ಎತ್ತಿ, ಬಾಲ ಸರಿಸಿ ನೋಡಿ, ಮೊದಲೆರಡು ಹೆಣ್ಣು, ಕರಿಯದು ಗಂಡು ಎಂದೂ ಹೇಳಿದರು.

ಹುಡುಗಿ ಪುಸ್ತಕದ ಹಾಳೆಯಲ್ಲಿ ಎಕ್ಸ್‌ಗಳನ್ನು ಬರೆದು ಬರೆದು ನೋಡಿದಳು. ಇಡೀ ಕೇಸರಿಯಾದ ಹೆಣ್ಣುಮರಿಗೆ ಎರಡೂ ಕಡೆಯಿಂದ ಕೇಸರಿ ಬರಬೇಕು, ಹಾಗಾಗಿ ಅದರ ಅಪ್ಪ ಕೆಂಚನಂಥವನೇ. ಕೇಸರಿಯ ಸುಳಿವೇ ಇಲ್ಲದ ಪಟ್ಟೆಯ ಹೆಣ್ಣಿಗೆ ಮಾತ್ರ ಅವನು ಅಪ್ಪನಾಗಲಾರ. ಅವನಾಗಿದ್ದರೆ ಅವನ ಒಂದೇ ಎಕ್ಸ್ ಅದರ ಮೈಮೇಲೆ ಎಲ್ಲಾದರೂ ಕೇಸರಿ ತೋರಿಸಲೇಬೇಕಿತ್ತು. ತಾಯಿಯ ಕರಿ ಮಚ್ಚೆಗಳು ಪಟ್ಟೆಯಿಲ್ಲದ ಅಪ್ಪಟ ಕರಿ, ಆದ್ದರಿಂದ ಬೂದು ಪಟ್ಟೆಯೂ ಅಪ್ಪನಿಂದಲೇ ಬಂದದ್ದು. ಒಂದೇ ಸೂಲಿನ ಮರಿಗಳಿಗೆ ಅಪ್ಪಂದಿರು ಬೇರೆಬೇರೆ ಇರುವುದು ಬೆಕ್ಕುಗಳಲ್ಲಿ ಹೊಸತಲ್ಲ. ಅವಳು ತಲೆಯೆತ್ತಿ ಕೈಗಾಡಿಯ ಕಡೆ ನೋಡಿದಳು. ಹರಿದ ಕಿವಿಯದು ಅಲ್ಲಿ ಬೂತಾಯಿಯ ತಲೆಯೊಂದನ್ನು ಅಗಿಯುತ್ತಿತ್ತು.

“ಕರಿಯದಕ್ಕೆ ಯಾರು ಮಗಾ?” ಎಂದು ಕೇಳಿದರು ಅಕ್ಕ, ಈಗ ಕತ್ತಿ ಬದಿಗಿಟ್ಟು.

“ಅದು ಗಂಡು ಅಲ್ವಾ, ಎಕ್ಸ್ ಅಮ್ಮನದ್ದು ಮಾತ್ರ. ಅಪ್ಪ ಕೆಂಚನೋ ಅಲ್ಲವೋ ಅಂತ ಅದರ ಬಣ್ಣದಲ್ಲಿ ಗೊತ್ತಾಗುವುದಿಲ್ಲ” ಎಂದಳು ಅವಳು, ಮತ್ತು ಕಡಲಬೆಕ್ಕಿನ ಗಂಡುಗಳಿಗೆಂದು ಬೇರೊಂದು ಹಾಳೆ ತೆಗೆದಳು.